ಕಿವಿಗಿಟ್ಟು ಮಾರುವ ಹಾಡು

ಹೊತ್ತು ಇಳಿಯುತ್ತಿದೆ. ದಬ್ಬೇಘಟ್ಟದ ರಸ್ತೆ ಬದಿಯಲ್ಲಿ ಒಂದು ಓಮ್ನಿ ವ್ಯಾನು ಹಿಂಬಾಗಿಲನ್ನು ಮೇಲಕ್ಕೆತ್ತಿಕೊಂಡು ನಿಂತಿದೆ. ಬಾಗಿಲ ಕೆಳಗೆ ನೀಲಿ ಟಾರ್ಪಾಲು ಹಾಸಿದ್ದಾರೆ. ಗಾಳಿಗೆ ಏಳದಂತೆ ಅದರ ನಾಲ್ಕು ಮೂಲೆಗೂ ಒಂದೊಂದು ಸುಲಿಯದ ತೆಂಗಿನಕಾಯಿ. ತುರುವೇಕೆರೆ ತಾಲ್ಲೂಕಿನ ಈ ಹೋಬಳಿಯಲ್ಲಿ ಕಲ್ಲು ಹುಡುಕುವುದಕ್ಕಿಂತ ಕಾಯಿ ಎತ್ತಿಕೊಳ್ಳುವುದೇ ಸಲೀಸು. ಎತ್ತ ತಿರುಗಿದರೂ ತೋಟ, ತೋಟದಾಚೆಗೂ ತೋಟ.

ಟಾರ್ಪಾಲಿನ ಮೇಲೆ ಚಾರ್ಜರುಗಳು, ರಬ್ಬರ್ ಬ್ಯಾಂಡು ಸುತ್ತಿದ ಇಯರ್‌ಫೋನಿನ ಕಂತೆಗಳು, ಕತ್ತಿಗೆ ತೂಗುಹಾಕಿಕೊಳ್ಳುವ ನೆಕ್‌ಬ್ಯಾಂಡುಗಳು, ಬಣ್ಣದ ದೀಪ ಮಿಣುಕಿಸುವ ಡಬ್ಬಿ ಸ್ಪೀಕರುಗಳು. ಮುಂದಿನ ಸಾಲಿನಲ್ಲಿ, ಮಕ್ಕಳ ಕಣ್ಣಿಗೆ ಮೊದಲು ಬೀಳುವ ಕಡೆ, ಒಂದು ಪ್ಲಾಸ್ಟಿಕ್ ತಟ್ಟೆ. ಅದರ ತುಂಬ ಬೆಂಕಿಪೊಟ್ಟಣದಷ್ಟಗಲದ ಎಂಪಿ3 ಪ್ಲೇಯರುಗಳು. ಗುಲಾಬಿ, ಹಸಿರು, ನೀಲಿ, ಕಿತ್ತಳೆ. ಹಿಂದೆ ಒಂದು ಕ್ಲಿಪ್ಪು, ಮುಂದೆ ದುಂಡನೆಯ ಗುಂಡಿ, ಪಕ್ಕದಲ್ಲಿ ಮೆಮೊರಿ ಕಾರ್ಡು ತೂರಿಸುವ ಸೀಳು. ಪರದೆ ಇಲ್ಲ. ಮಿಠಾಯಿ ಅಂಗಡಿಯ ಜಾಡಿಯಿಂದ ಸುರಿದ ಹಾಗೆ ಹರಡಿಕೊಂಡಿವೆ.

ವ್ಯಾಪಾರಿ ಕೂಗುವುದಿಲ್ಲ. ಕೂಗುವ ಕೆಲಸವನ್ನು ಸ್ಪೀಕರಿಗೆ ಬಿಟ್ಟಿದ್ದಾನೆ. ಅವನ ಕಣ್ಣು ತುರುವೇಕೆರೆ ಕಡೆಯಿಂದ ಬರುವ ಬಸ್ಸಿನ ಮೇಲಿದೆ. ಬಸ್ಸು ನಿಂತಿತು. ಬೆನ್ನಿಗೆ ಬ್ಯಾಗು, ಸೊಂಟದಿಂದ ಹೊರಬಂದ ಯೂನಿಫಾರ್ಮಿನ ಅಂಗಿ, ಕೈಯಲ್ಲಿ ಖಾಲಿ ನೀರಿನ ಬಾಟಲಿ. ಹತ್ತು ಹನ್ನೆರಡು ಮಕ್ಕಳು ಇಳಿದವು. ಗುಂಪು ಅರ್ಧ ಚದುರಿತು, ಅರ್ಧ ಟಾರ್ಪಾಲಿನ ಅಂಚಿಗೆ ಬಂದು ನಿಂತಿತು. ವ್ಯಾಪಾರಿ ಬೆಲೆ ಹೇಳಲಿಲ್ಲ. ಏಳನೇ ಕ್ಲಾಸೋ ಎಂಟನೇ ಕ್ಲಾಸೋ ಇರಬಹುದಾದ ಒಬ್ಬ ಹುಡುಗನನ್ನು ನೋಡಿ, ಹಸಿರು ಪ್ಲೇಯರಿಗೆ ತಂತಿ ಸಿಕ್ಕಿಸಿ, ತಾನೇ ಬಗ್ಗಿ ಅವನ ಎರಡೂ ಕಿವಿಗೆ ಇಟ್ಟ. ‘ಕಾಸು ಬ್ಯಾಡ ಮರಿ, ಸುಮ್ನೆ ಕೇಳ್ನೋಡು.’

ಆಗ ಆ ಹುಡುಗನ ಮುಖ ನೋಡಬೇಕಿತ್ತು. ಬಾಯಿ ಅರ್ಧ ತೆರೆದೇ ಉಳಿಯಿತು. ಕಣ್ಣು ರಸ್ತೆಯ ಮೇಲಿತ್ತು, ಆದರೆ ಎದುರಿಗೆ ಹಾದುಹೋದ ಕಾಯಿ ತುಂಬಿದ ಟ್ರ್ಯಾಕ್ಟರನ್ನು ಅದು ಕಂಡಂತಿರಲಿಲ್ಲ. ಗೆಳೆಯರು ‘ಏನ್ಲಾ ಬತ್ತೈತೆ?’ ಎಂದು ಭುಜ ಅಲ್ಲಾಡಿಸಿದರು. ಅವನು ಜೋರಾಗಿ, ತನಗೇ ತಿಳಿಯದಷ್ಟು ಜೋರಾಗಿ, ‘ಆಂ?’ ಎಂದ. ವ್ಯಾಪಾರಿ ನಕ್ಕ. ಅರ್ಧ ವ್ಯಾಪಾರ ಆಗಲೇ ಮುಗಿದಿತ್ತು.

ಈ ವಿದ್ಯೆ ಅವನಿಗೆ ಯಾರು ಹೇಳಿಕೊಟ್ಟರೋ. ಆದರೆ ಇದು ದೊಡ್ಡ ವಂಶದ ವಿದ್ಯೆ. ಸೋನಿ ಕಂಪನಿ ತನ್ನ ಮೊದಲ ವಾಕ್‌ಮನ್ನನ್ನು 1979ರ ಜುಲೈ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಇಟ್ಟಾಗ ಬೆಲೆ 33,000 ಯೆನ್. ಬೇಸಿಗೆ ರಜೆಗೆ ಮುಂಚೆ ಅದು ವಿದ್ಯಾರ್ಥಿಗಳ ಕೈಗೆ ಎಟುಕಬೇಕು ಎಂಬುದು ಕಂಪನಿಯ ಅಕಿಯೊ ಮೊರಿಟಾ ಅವರ ಹಟವಾಗಿತ್ತು. ರೆಕಾರ್ಡು ಮಾಡಲು ಬಾರದ ಟೇಪ್‌ರೆಕಾರ್ಡರನ್ನು ಯಾರು ಕೊಳ್ಳುತ್ತಾರೆ ಎಂದು ಅಂಗಡಿಯವರು ಮೂಗು ಮುರಿದರು. ಮೊದಲ ತಿಂಗಳು ಖರ್ಚಾದದ್ದು ಸುಮಾರು 3,000 ಮಾತ್ರ. ಆಗ ಕಂಪನಿ ಹರೆಯದವರಿಗೆ ವಾಕ್‌ಮನ್ ತೊಡಿಸಿ ಟೋಕಿಯೊದ ಗಿಂಜಾ, ಶಿಂಜುಕು ಬೀದಿಗಳಲ್ಲಿ ಭಾನುವಾರ ಓಡಾಡಲು ಬಿಟ್ಟಿತು. ದಾರಿಯಲ್ಲಿ ಸಿಕ್ಕವರ ಕಿವಿಗೆ ಹೆಡ್‌ಫೋನು ಇಟ್ಟು ಕೇಳಿಸುವುದಷ್ಟೇ ಅವರ ಕೆಲಸ. ಆಗಸ್ಟ್ ಮುಗಿಯುವ ಹೊತ್ತಿಗೆ ಮೊದಲ ಕಂತಿನ 30,000 ಖಾಲಿ. ಗಿಂಜಾದ ಆ ಭಾನುವಾರಕ್ಕೂ ದಬ್ಬೇಘಟ್ಟದ ಈ ಸಂಜೆಗೂ ನಡುವೆ ಏನೆಲ್ಲ ಬದಲಾಯಿತು, ಕಿವಿಗಿಟ್ಟು ಮಾರುವ ಪಟ್ಟು ಮಾತ್ರ ಬದಲಾಗಲಿಲ್ಲ.

ನಮ್ಮ ಮನೆಗೆ ಟೇಪ್‌ರೆಕಾರ್ಡರು ಬಂದದ್ದೂ ಹೀಗೇ. ಅಪ್ಪ ಕೊಬ್ಬರಿ ಚೀಲಗಳನ್ನು ತಿಪಟೂರಿನ ಮಂಡಿಗೆ ಹಾಕಿ, ಲೆಕ್ಕ ಚುಕ್ತಾ ಮಾಡಿಸಿಕೊಂಡು, ನನ್ನ ಕೈ ಹಿಡಿದು ಪೇಟೆ ಬೀದಿಗೆ ಬಂದಿದ್ದರು. ಬಂದದ್ದು ಪಂಪ್‌ಸೆಟ್ಟಿನ ಸಾಮಾನಿಗೆ. ರೇಡಿಯೊ ಅಂಗಡಿಯವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ಎರಡು ಗುಂಡಿ ಒಟ್ಟಿಗೆ ಅದುಮಿ, ‘ಹೆಸರು ಹೇಳು ಮರಿ, ಊರು ಹೇಳು’ ಎಂದರು. ಹೇಳಿದೆ. ಟೇಪು ಹಿಂದಕ್ಕೆ ಸುತ್ತಿ ಕೇಳಿಸಿದರು. ಆ ಪೆಟ್ಟಿಗೆಯೊಳಗಿಂದ ಯಾವುದೋ ತೆಳು ದನಿಯ ಹುಡುಗ ನನ್ನ ಹೆಸರು ಹೇಳಿದ. ನಾನು ಅಪ್ಪನ ಅಂಗಿಯ ಚುಂಗು ಹಿಡಿದವನು ಬಿಡಲೇ ಇಲ್ಲ. ಆ ಸಲ ಪಂಪ್‌ಸೆಟ್ಟಿನ ಸಾಮಾನು ಬರಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಆ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಬಂದ ದಾರಿ ನನಗೆ ತಿರುವು ತಿರುವಾಗಿ ನೆನಪಿದೆ.

ಆ ಪೆಟ್ಟಿಗೆ ಹಾಡುವುದು ಜಗುಲಿಗೆ, ಇಡೀ ಕೇರಿಗೆ. ಸುಗಮ ಸಂಗೀತದ ಮೊದಲ ಕನ್ನಡ ಕ್ಯಾಸೆಟ್ಟು ಎಂದು ಹೆಸರಾದ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲೇ ಬಂದಿತ್ತು; ನಮ್ಮ ಜಗುಲಿಗೆ ಬರಲು ವರ್ಷಗಳೇ ಹಿಡಿದವು. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಕಾಲೇಜು ಹುಡುಗರ ಕೈಯಲ್ಲೆಲ್ಲ ಅದೇ ಕ್ಯಾಸೆಟ್ಟು. ಸೆಲ್ಲು ಇಳಿದರೆ ಹಂಚಿನ ಮೇಲೆ ಬಿಸಿಲಿಗಿಟ್ಟು ಇನ್ನೊಂದು ದಿನ ದುಡಿಸುತ್ತಿದ್ದೆವು. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲು ತೂರಿಸಿ ಸುತ್ತುತ್ತಿದ್ದೆವು. ಒಬ್ಬ ಕೇಳಿದ್ದನ್ನು ಊರೆಲ್ಲ ಕೇಳಬೇಕಿತ್ತು, ಇಷ್ಟವಿರಲಿ ಬಿಡಲಿ.

ಮುಂದೆ ಮೊಬೈಲು ಬಂತು, ಮೆಮೊರಿ ಕಾರ್ಡು ಬಂತು. 2005ರ ‘ಜೋಗಿ’, 2006ರ ಕೊನೆಗೆ ತೆರೆಕಂಡ ‘ಮುಂಗಾರು ಮಳೆ’ ಹೊತ್ತಿಗೆ ನಮ್ಮ ಕಡೆ ರೀಚಾರ್ಜು ಅಂಗಡಿಗಳೇ ಹಾಡಿನ ಅಂಗಡಿಗಳಾಗತೊಡಗಿದ್ದವು. ಗೋಡೆಗೆ ಕೈಬರಹದ ರಟ್ಟು: ‘ಇಲ್ಲಿ ಹಾಡು ತುಂಬಿಸಿಕೊಡಲಾಗುವುದು.’ ಚೀಲಕ್ಕೆ ಕೊಬ್ಬರಿ ತುಂಬಿಸಿದ ಹಾಗೆ ಕಾರ್ಡಿಗೆ ಹಾಡು. ‘ಅಣ್ಣಾ, ಅರ್ಧ ಹೊಸ ಪಿಚ್ಚರ್ದು, ಅರ್ಧ ಡಿಜೆ. ಜಾಗ ಉಳುದ್ರೆ ನಮ್ಮಜ್ಜಿಗೆ ಒಂದೆರಡು ತತ್ವಪದ ಹಾಕು.’ ಹಾಡು ಬರೆದವರಿಗೆ, ಹಾಡಿದವರಿಗೆ ಆ ಹತ್ತಿಪ್ಪತ್ತು ರೂಪಾಯಿಯಲ್ಲಿ ಒಂದು ಬಿಡಿಗಾಸೂ ಸೇರಲಿಲ್ಲ. ಅದು ತಪ್ಪೇ. ಆದರೂ ಹಳ್ಳಿಯ ಹುಡುಗ ತನ್ನ ಆಯ್ಕೆಯ ಹಾಡನ್ನು ತಾನೇ ಹೇಳಿ ಬರೆಸಿಕೊಂಡ ಕಾಲ ಅದು ಎಂಬುದನ್ನೂ ಮರೆಯಲಾರೆ.

ತಟ್ಟೆಯಲ್ಲಿರುವ ಈ ಕ್ಲಿಪ್ಪಿನ ಪ್ಲೇಯರಿಗೂ ಅಪ್ಪ ಅಮ್ಮ ಉಂಟು. ಆಪಲ್ ಕಂಪನಿ 2001ರ ಅಕ್ಟೋಬರಿನಲ್ಲಿ ಐಪಾಡ್ ತಂದಿತು. ಸಾವಿರ ಹಾಡು ಜೇಬಿನಲ್ಲಿ ಎಂಬ ಭರವಸೆ, 399 ಡಾಲರ್ ಬೆಲೆ. 2006ರಲ್ಲಿ ಅಂಗಿಗೆ ಸಿಕ್ಕಿಸುವ ಕ್ಲಿಪ್ಪಿನ ಪುಟ್ಟ ಐಪಾಡ್ ಶಫಲ್ ಬಂತು, ಮರುವರ್ಷ ಅದಕ್ಕೆ ಗುಲಾಬಿ, ಹಸಿರು, ನೀಲಿ, ಕಿತ್ತಳೆ ಬಣ್ಣ ಹತ್ತಿತು. ಅದರ ಅಚ್ಚು ಹಿಡಿದ ಅಗ್ಗದ ನಕಲುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಸಗಟು ಪೇಟೆಗಳನ್ನು ಹಾದು ಜಾತ್ರೆಗಳಿಗೆ ಇಳಿದವು. ಆಪಲ್ 2022ರಲ್ಲಿ ಐಪಾಡನ್ನೇ ನಿಲ್ಲಿಸಿತು. ಮೂಲ ಮುಗಿದರೂ ನಕಲು ಉಳಿದಿದೆ, ಅದೇ ನಾಲ್ಕು ಬಣ್ಣದಲ್ಲಿ.

ಟಾರ್ಪಾಲಿನ ಬಳಿ ಈಗ ಹುಡುಗನ ತಾಯಿ ಬಂದಿದ್ದಾಳೆ, ಜೊತೆಗೆ ಅಜ್ಜಿಯೂ. ಬಸ್ಸಿಳಿದ ಮಗ ಮನೆಗೆ ಬರಲಿಲ್ಲ ಎಂದು ಹುಡುಕಿಕೊಂಡು ಬಂದವರು. ವ್ಯಾಪಾರಿಯ ಮಾತಿನ ಧಾಟಿ ತಕ್ಷಣ ಬೇರೆಯಾಯಿತು. ಮಗನಿಗೆ ಒಂದೇ ಮಾತಲ್ಲಿ ಹಾಡು ಕೇಳಿಸಿದವನು ತಾಯಿಗೆ ಹಾಡಿನ ಸುದ್ದಿಯನ್ನೇ ಎತ್ತಲಿಲ್ಲ. ‘ಅಕ್ಕಾ, ಇದ್ರಲ್ಲಿ ನೆಟ್ಟಿಲ್ಲ, ಸಿಮ್ಮಿಲ್ಲ, ಗೇಮಿಲ್ಲ. ಫೋನ್ ಕೇಳೋದು ಬಿಡ್ತಾನೆ. ಇಂಗ್ಲಿಷ್ ರೈಮ್ಸ್ ಹಾಕ್ಸಿದ್ರೆ ಚಿಕ್ಕವೂ ಕಲೀತಾವೆ.’ ಮಗುವಿಗೆ ಆಸೆ, ಹೆತ್ತವರಿಗೆ ನೆಮ್ಮದಿ. ಒಂದೇ ಡಬ್ಬಿಯನ್ನು ಎರಡು ಬಗೆಯಲ್ಲಿ ಮಾರುವ ಜಾಣ್ಮೆ ಇದು. ದೊಡ್ಡ ಕಂಪನಿಗಳು ಮಾಡಿದ್ದೂ ಇದನ್ನೇ. 1980ರ ದಶಕದ ಕೊನೆಯಲ್ಲಿ ಸೋನಿ ‘ಮೈ ಫಸ್ಟ್ ಸೋನಿ’ ಎಂದು ಕೆಂಪು ಬಣ್ಣದ, ಪುಟ್ಟ ಕೈಗೆ ಒಗ್ಗುವ ಪ್ಲೇಯರುಗಳನ್ನು ಮಾಡಿತು. ನಮ್ಮ ದೇಶದಲ್ಲಿ, ತಂದೆತಾಯಿಗೆ ಮಕ್ಕಳು ಕೊಡುವ ಉಡುಗೊರೆಯೆಂದು 2017ರಲ್ಲಿ ‘ಕಾರವಾನ್’ ಎಂಬ ಹಾಡಿನ ಪೆಟ್ಟಿಗೆ ತಂದ ಸರೆಗಮ ಕಂಪನಿ ಬಳಿಕ ಮಕ್ಕಳಿಗೂ ಒಂದು ಮಾಡಿ, ಶಿಶುಗೀತೆ, ಕತೆಗಳನ್ನು ಅದರೊಳಗೇ ತುಂಬಿಸಿ ಮಾರಿತು.

ತಾಯಿ ತಟ್ಟೆಯನ್ನೂ ಮಗನನ್ನೂ ನೋಡಿದಳು. ಈ ಸೀಮೆಯಲ್ಲಿ ಮಕ್ಕಳ ಬೇಡಿಕೆಗೆ ಉತ್ತರ ಬರುವುದು ತಿಪಟೂರಿನ ಧಾರಣೆಯಿಂದ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇಟ್ಟಿದ್ದರೂ ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಆ ವರ್ಷ ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳು ‘ಕೊಬ್ಬರಿ ರೇಟು ಬರ್ಲಿ ತಡಿ’ ಎಂಬ ಮಾತು ಕೇಳಿಕೊಂಡು ಸುಮ್ಮನಾದವೋ.

ಈಗ ಅಜ್ಜಿಯ ಮಾತಿಗೆ ಬರುತ್ತೇನೆ. ಅದಕ್ಕೆ ಮುಂಚೆ ಅಟ್ಟದ ಸಂಗತಿ ಹೇಳಬೇಕು. ನಮ್ಮ ಕಡೆ ಕಾಯಿಯನ್ನು ಸುಲಿಯದೆ ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲೆ ಬಿಡುತ್ತಾರೆ. ಒಲೆಯ ಹೊಗೆ, ಹಂಚಿನ ಕಾವು, ನೆರಳು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟುಕು, ಎಂದರೆ ಉಂಡೆ ಕೊಬ್ಬರಿ, ಆಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಗುಳುಗುಳು. ಗಿಟುಕಾಗಿದ್ದರೆ ಲೊಟಲೊಟ. ಎರಡರ ನಡುವೆ, ನೀರು ಹೋಗಿಯೂ ತಿರುಳು ಬಿಡದ ಹಂತಕ್ಕೆ ಇನ್ನೊಂದು ಮಂದ ಸದ್ದಿದೆ. ಅದನ್ನು ಬರೆದು ತೋರಿಸಲು ನನಗೆ ಅಕ್ಷರ ಸಿಗುತ್ತಿಲ್ಲ. ಅದು ಗೊತ್ತಾಗುವ ಕಿವಿಗೆ ಇಲ್ಲಿ ಬೆಲೆಯಿದೆ. ಅಟ್ಟ ಹತ್ತಿದ ಹೆಂಗಸರು ಸಾವಿರ ಕಾಯಿಯಲ್ಲಿ ಹಸಿಯದನ್ನು ಸದ್ದಿನಿಂದಲೇ ಬೇರೆ ಮಾಡಿ ಪಕ್ಕಕ್ಕೆ ಹಾಕುತ್ತಾರೆ.

ಹಾಗಾಗಿಯೇ ಆ ವ್ಯಾಪಾರಿ ಮಾಡಿದ ಒಂದು ಕೆಲಸ ನನಗೆ ಸಹಿಸಲಾಗಲಿಲ್ಲ. ರಸ್ತೆಯ ಗದ್ದಲ, ಅವನದೇ ಸ್ಪೀಕರಿನ ಅಬ್ಬರ. ಇವನ್ನು ಮೀರಿ ಹುಡುಗನಿಗೆ ಕೇಳಿಸಬೇಕು ಎಂದು ಗುಂಡಿಯನ್ನು ಕೊನೆಯವರೆಗೂ ಏರಿಸಿಯೇ ಕಿವಿಗಿಟ್ಟಿದ್ದ. ಎದುರಿಗೆ ನಿಂತ ನನಗೂ ಅದರ ಚಿರ್ರೆನ್ನುವ ಸದ್ದು ಕೇಳುತ್ತಿತ್ತು. ಮೊದಲ ಸಲ ಎಷ್ಟು ಏರಿಸಿ ಕೇಳುತ್ತವೋ ಅದೇ ಸರಿಯಾದ ಅಳತೆ ಎಂದು ಮಕ್ಕಳು ತಿಳಿಯುತ್ತವೆ. ಹಾಡು ಚೆನ್ನಾಗಿರುವುದು ಎಂದರೆ ಜೋರಾಗಿರುವುದು ಎಂದು ಈ ಬಗೆಯ ಮಾರಾಟ ಕಲಿಸಿಬಿಡುತ್ತದೆ.

ಕಿವಿಯ ಲೆಕ್ಕ ಕಟುವಾದದ್ದು. ಹುಟ್ಟುವಾಗ ಒಂದೊಂದು ಕಿವಿಯ ಒಳಗೆ, ಬಸವನಹುಳುವಿನಂತೆ ಸುತ್ತಿಕೊಂಡ ಜಾಗದಲ್ಲಿ, ಸುಮಾರು 15,000 ಕೂದಲು ಕೋಶಗಳಿರುತ್ತವೆ. ಸತ್ತರೆ ಮತ್ತೆ ಚಿಗುರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಹೊರತಂದ ಮಾನದಂಡ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75 ಎನ್ನುತ್ತದೆ. ಪ್ರತಿ 3 ಡೆಸಿಬೆಲ್ ಏರಿದಂತೆ ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. 85ಕ್ಕೆ ಏರಿಸಿದರೆ ಮಗುವಿಗೆ ಉಳಿಯುವುದು ವಾರಕ್ಕೆ 4 ಗಂಟೆ. ಪ್ರಪಂಚದಲ್ಲಿ 110 ಕೋಟಿ ಹರೆಯದವರ ಕಿವಿ ಈ ಬಗೆಯ ಸದ್ದಿನ ಅಪಾಯದಲ್ಲಿದೆ ಎಂದು ಅದೇ ಆರೋಗ್ಯ ಸಂಸ್ಥೆ 2015ರಲ್ಲೇ ಎಚ್ಚರಿಸಿತ್ತು. ಯುರೋಪಿನಲ್ಲಿ ಪ್ಲೇಯರುಗಳು 85 ಡೆಸಿಬೆಲ್ ದಾಟುವ ಮುಂಚೆ ಕೇಳುಗನನ್ನು ಎಚ್ಚರಿಸಬೇಕು ಎಂಬ ಕಟ್ಟುಪಾಡು 2013ರಿಂದ ಇದೆ. ಈ ತಟ್ಟೆಯ ಪ್ಲೇಯರಿಗೆ ಅಂಥ ಎಚ್ಚರಿಕೆ ಬರೆಯಲು ಪರದೆಯೂ ಇಲ್ಲ, ಓದಲು ಹೊದಿಕೆಯ ಚೀಟಿಯೂ ಇಲ್ಲ.

ನಾನು ವ್ಯಾಪಾರಿಗೆ ಹೇಳಿದೆ. ಅವನು ಬೇಸರಪಡಲಿಲ್ಲ. ‘ಕಮ್ಮಿ ಮಾಡಿದ್ರೆ ಈ ಗಲಾಟೇಲಿ ಕೇಳ್ಸಲ್ಲ ಸಾರ್’ ಎಂದವನು, ಒಂದು ಗಳಿಗೆ ನಿಂತು, ತನ್ನ ಸ್ಪೀಕರನ್ನೇ ಆರಿಸಿದ. ಇದ್ದಕ್ಕಿದ್ದಂತೆ ರಸ್ತೆಗೆ ಸಂಜೆ ಮರಳಿತು. ಗರಿಗಳ ಸರಭರ ಸದ್ದು ಕೇಳಿತು. ದೂರದ ತೋಟದಲ್ಲಿ ಯಾರೋ ಕಾಯಿ ಕೆಡವುತ್ತಿದ್ದರು. ಧೊಪ್, ಆಮೇಲೆ ಬಿಟ್ಟು ಇನ್ನೊಂದು ಧೊಪ್. ಹುಡುಗ ಗುಂಡಿ ಅದುಮಿ ಅದುಮಿ ಹಾಡನ್ನು ಇಳಿಸಿದ. ಮುಖದ ಬೆರಗು ಇಳಿಯಲಿಲ್ಲ.

ಅಜ್ಜಿ ಕೈ ಚಾಚಿದಳು. ಒಂದು ಕಿವಿಯದನ್ನು ತೆಗೆದು ತನ್ನ ಕಿವಿಗೆ ಹಿಡಿದಳು. ಒಳಗೆ ತೂರಿಸಿಕೊಳ್ಳಲಿಲ್ಲ, ಕಾಯಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಡೋಲು ಗುಡುಗುಡು ಎನ್ನುವ ಯಾವುದೋ ಡಿಜೆ ಇರಬೇಕು. ‘ಇನ್ನೂ ನೀರೈತೆ ಕಣ್ಲಾ ಮಗ ಇದ್ರಲ್ಲಿ’ ಎಂದಳು. ‘ಬ್ಯಾರೆ ಇದ್ರೆ ಹಾಕ್ಸು.’

ವ್ಯಾಪಾರಿ ಗುಂಡಿ ಒತ್ತುತ್ತಾ ಹೋದ. ನಾಲ್ಕನೆಯದೋ ಐದನೆಯದೋ ಹಾಡಿಗೆ ಅಜ್ಜಿ ಕೈ ಎತ್ತಿ ತಡೆದಳು. ಯಾವ ಹಾಡೋ ನನಗೆ ಕೇಳಿಸಲಿಲ್ಲ. ತಾಯಿ ಸೆರಗಿನ ಗಂಟು ಬಿಚ್ಚಿದಳು.

ಸೋನಿಯ ಮೊದಲ ವಾಕ್‌ಮನ್ನಿಗೆ ಹೆಡ್‌ಫೋನಿನ ತೂತು ಎರಡಿದ್ದವು. ಒಬ್ಬನೇ ಕೇಳುತ್ತ ಕೂರುವುದು ಪಕ್ಕದವರಿಗೆ ಮಾಡುವ ಅಗೌರವ ಎಂದು ಮೊರಿಟಾ ಹಾಗೆ ಮಾಡಿಸಿದ್ದರು. ಜನ ಒಬ್ಬೊಬ್ಬರೇ ಕೇಳುವುದನ್ನೇ ಇಷ್ಟಪಟ್ಟರು; ಮುಂದಿನ ಮಾದರಿಗಳಲ್ಲಿ ಆ ಎರಡನೇ ತೂತು ಹೋಯಿತು. ದಬ್ಬೇಘಟ್ಟದ ಹುಡುಗನ ಪ್ಲೇಯರಿಗೂ ಇರುವುದು ಒಂದೇ ತೂತು, ಒಂದೇ ತಂತಿ. ಅವನು ಕ್ಲಿಪ್ಪನ್ನು ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡು ಎಡಗಿವಿಯದನ್ನು ತಾನಿಟ್ಟುಕೊಂಡ, ಬಲಗಿವಿಯದನ್ನು ಅಜ್ಜಿಗೆ ಕೊಟ್ಟ. ತೋಟದ ಬದುವಿನ ದಾರಿಯಲ್ಲಿ ಇಬ್ಬರೂ ಹೊರಟರು. ತಂತಿ ಗಿಡ್ಡ. ಅಜ್ಜಿ ನಿಂತಲ್ಲೆಲ್ಲ ಹುಡುಗ ನಿಲ್ಲಬೇಕಿತ್ತು.