ಒಂದು ಧಾಟಿಗೆ ನಾಲ್ಕು ಗಡುವು

1974ರಲ್ಲಿ ‘ಎರಡು ಕನಸು’ ಬಂತು. ಮರುವರ್ಷ ಅದೇ ಕಥೆ ತೆಲುಗಿನಲ್ಲಿ ‘ಪೂಜ’ ಆಯಿತು. ಎರಡಕ್ಕೂ ಸಂಗೀತ ಮೈಸೂರಿನ ಅಣ್ಣತಮ್ಮಂದಿರಾದ ರಾಜನ್–ನಾಗೇಂದ್ರ ಅವರದು. ಕನ್ನಡದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ಯುಗಳಗೀತೆಯನ್ನು ತೆಲುಗಿನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದರು. ಗಂಡುದನಿ ಬದಲಾಯಿತು, ಮಾತು ಬದಲಾಯಿತು. ಹೆಣ್ಣುದನಿ ಮಾತ್ರ ಎರಡರಲ್ಲೂ ವಾಣಿ ಜಯರಾಂ ಅವರದೇ. ಧಾಟಿಯಂತೂ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಬೆಂಗಳೂರಿನಲ್ಲಿ ಕೂತವರಿಗೆ ಕನ್ನಡದ ಹಾಡು ಗೊತ್ತು, ವಿಜಯವಾಡದವರಿಗೆ ತೆಲುಗಿನದು. ರಾಯದುರ್ಗ, ಮಡಕಶಿರದ ಸೀಮೆಯ ಜನಕ್ಕೆ ಎರಡೂ ಗೊತ್ತು. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯದಾಗಿತ್ತು. ಅಂದು ಆದೋನಿ, ಆಲೂರುಗಳ ಜೊತೆ ಅದು ಆಂಧ್ರಕ್ಕೆ ಹೋಯಿತು, ಬಳ್ಳಾರಿ ಮೈಸೂರಿಗೆ ಬಂತು. ಮಡಕಶಿರ ಆಗಲೂ ಅನಂತಪುರದ್ದೇ, ಈಗ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ನಕ್ಷೆಯಲ್ಲಿ ನೋಡಿದರೆ ಕರ್ನಾಟಕದೊಳಕ್ಕೆ ಚಾಚಿಕೊಂಡ ತುಂಡು. ಅಗಳಿ, ರೊಳ್ಳ, ಅಮರಾಪುರದ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ಇಂಥ ಕಡೆ ‘ಈ ಧಾಟಿ ಎಲ್ಲೋ ಕೇಳಿದೀನಲ್ಲ’ ಅನ್ನುವವರು ಕೋರ್ಟಿಗಿಂತ ಬಹಳ ಮುಂಚೆಯೇ ಹುಟ್ಟಿಕೊಂಡಿರುತ್ತಾರೆ.

ಈಗ ಆ ಒಂದು ಹಾಡಿನ ಹಕ್ಕು ಯಾವಾಗ ಮುಗಿಯುತ್ತದೆ ಎಂದು ಲೆಕ್ಕ ಹಾಕೋಣ. ಭಾರತದ ಕಾಪಿರೈಟ್ ಕಾಯ್ದೆಯ ಪ್ರಕಾರ ಧ್ವನಿಮುದ್ರಣಕ್ಕೆ ಅದು ಹೊರಬಂದ ಮೇಲೆ 60 ವರ್ಷ. ಸಾಹಿತ್ಯಕ್ಕೂ ಸ್ವರಸಂಯೋಜನೆಗೂ ಕರ್ತೃ ತೀರಿಕೊಂಡ ಮೇಲೆ 60 ವರ್ಷ. ಎರಡೂ ಮುಂದಿನ ಜನವರಿ 1ರಿಂದ ಎಣಿಕೆ. ಹಾಗಾಗಿ 1974ರ ಕನ್ನಡ ಧ್ವನಿಮುದ್ರಿಕೆ 2034ರ ಕೊನೆಗೆ ಬಿಡುಗಡೆ. ತೆಲುಗು ಸಾಹಿತ್ಯ ಬರೆದ ದಾಶರಥಿ ತೀರಿಕೊಂಡದ್ದು 1987ರಲ್ಲಿ, ಅವರ ಮಾತು 2047ರ ಕೊನೆಗೆ. ಕನ್ನಡದ ಸಾಹಿತಿ ಚಿ. ಉದಯಶಂಕರ್ 1993ರಲ್ಲಿ ಹೋದರು, ಅವರ ಸಾಲುಗಳು 2053ರ ಕೊನೆಗೆ. ಧಾಟಿ? ತಮ್ಮ ನಾಗೇಂದ್ರ 2000ದಲ್ಲಿ ತೀರಿಕೊಂಡರು, ಅಣ್ಣ ರಾಜನ್ 2020ರವರೆಗೆ ಬಾಳಿದರು. ಇಬ್ಬರು ಕೂಡಿ ಮಾಡಿದ ಕೃತಿಗೆ ಕೊನೆಗೆ ಉಳಿದವರ ಸಾವಿನಿಂದ ಲೆಕ್ಕ. ಅಂದರೆ 2080ರ ಡಿಸೆಂಬರ್ 31. ಅಣ್ಣನ ಆಯಸ್ಸು ಧಾಟಿಗೆ 20 ವರ್ಷ ಕೂಡಿಸಿತು.

ಒಂದೇ ಹಾಡು, ನಾಲ್ಕು ಗಡುವು. 2048ರ ಹೊಸ ವರ್ಷಕ್ಕೆ ತೆಲುಗು ಮಾತುಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಅದೇ ಧಾಟಿಗೆ ಕೂರಿಸಿದ ಕನ್ನಡ ಮಾತಿಗೆ ಇನ್ನೂ ಆರು ವರ್ಷ ಕಾಯಬೇಕು. ಎರಡರ ಬೆನ್ನಿಗೂ ಇರುವ ಧಾಟಿ ಆಗಲೂ ಬೀಗದೊಳಗೆ. 1974ರಲ್ಲಿ ಹುಟ್ಟಿದ ಕೂಸು ಅದನ್ನು ಯಾರ ಅಪ್ಪಣೆಯೂ ಇಲ್ಲದೆ ಬಳಸಬೇಕಾದರೆ ನೂರಾರು ವರ್ಷದ ಮುದಿತನ, ಸರಿಯಾಗಿ ಹೇಳಿದರೆ 106 ದಾಟಿರಬೇಕು. ಇದು ಒಂದು ಹಾಡಿನ ಲೆಕ್ಕ. ರಾಜನ್–ನಾಗೇಂದ್ರ ಸುಮಾರು 375 ಚಿತ್ರಗಳಿಗೆ ಸಂಗೀತ ಕೊಟ್ಟವರು.

ಈ 60 ಎಂಬ ಅಂಕಿ ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಹಕ್ಕು 1991ರ ಕೊನೆಗೆ ಮುಗಿಯಬೇಕಿತ್ತು. ಅದನ್ನು ಉಳಿಸಲು 1992ರಲ್ಲಿ ಇಡೀ ದೇಶದ ಎಲ್ಲ ಕರ್ತೃಗಳಿಗೂ ಹತ್ತು ವರ್ಷ ಕೂಡಿಸಿದರು. ಒಬ್ಬ ಕವಿಯ ಹಾಡಿಗಾಗಿ ಕೋಟ್ಯಂತರ ಸಾಲುಗಳಿಗೆ ಬೀಗ! ಹಾಗಂತ ಬೀಗದ ಕೈ ಹಾಡು ಕಟ್ಟಿದವರ ಮನೆಯಲ್ಲಿದೆ ಅಂದುಕೊಳ್ಳಬೇಡಿ. ಸಿನಿಮಾಕ್ಕೆಂದು ದುಡ್ಡು ಕೊಟ್ಟು ಮಾಡಿಸಿದ ಸಂಗೀತದ ಮೊದಲ ಒಡೆಯ ನಿರ್ಮಾಪಕ ಎಂದು 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಅವರಿಂದ ಅದು ಕ್ಯಾಸೆಟ್ ಕಂಪನಿಗಳ ಕೈಗೆ ಹೋಯಿತು. ರಾಯಧನದ ಪಾಲನ್ನು ಕರ್ತೃ ಬರೆದುಕೊಟ್ಟರೂ ಬಿಟ್ಟುಕೊಡಲಾಗದು ಎಂಬ ನಿಯಮ ಬಂದದ್ದು 2012ರಲ್ಲಿ. ಗಡುವು ಕರ್ತೃವಿನ ಸಾವಿನಿಂದ, ಹಣ ಬಹುಮಟ್ಟಿಗೆ ಬೇರೆಯವರಿಗೆ.

ಧಾಟಿ ಕದಿಯುವ ಅಗತ್ಯವಾದರೂ ಏನು, ಹೊಸದಕ್ಕೆ ಬರವೇ ಎಂದು ಕೇಳುವವರುಂಟು. ನಮ್ಮವರೇ ಇದಕ್ಕೆ ಮೊದಲು ಎಣಿಕೆ ಕೊಟ್ಟವರು. ತಂಜಾವೂರಿನ ಕನ್ನಡಿಗ ಮಂತ್ರಿ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ 17ನೇ ಶತಮಾನದಲ್ಲಿ 72 ಮೇಳಗಳ ಪಟ್ಟಿ ಮಾಡಿದ. ಒಂದೊಂದು ಮೇಳದ ಆರೋಹಣ ಅವರೋಹಣದಲ್ಲಿ ಒಂದೋ ಎರಡೋ ಸ್ವರ ಬಿಡುತ್ತ ಹೋದರೆ 483 ಜನ್ಯಗಳು. ಮೇಳವನ್ನೂ ಸೇರಿಸಿ 72ರಿಂದ ಗುಣಿಸಿದರೆ 34,848. ಒಂದೇ ಜನ್ಯ ಹಲವು ಮೇಳಗಳಲ್ಲಿ ಬರುವುದನ್ನು ಕಳೆದರೂ ಸಾವಿರಗಟ್ಟಲೆ ಉಳಿಯುತ್ತದೆ. ಇದು ರಾಗಗಳ ಸಂಖ್ಯೆ. ಒಂದು ರಾಗದೊಳಗಿನ ಧಾಟಿಗಳ ಲೆಕ್ಕ ಬೇರೆ.

ಧಾಟಿಗಳನ್ನೂ ಎಣಿಸಿದವರಿದ್ದಾರೆ. ಅಮೆರಿಕದ ವಕೀಲ ಡೇಮಿಯನ್ ರೀಲ್, ಪ್ರೋಗ್ರಾಮರ್ ನೋವಾ ರೂಬಿನ್ ಒಂದು ಸ್ಥಾಯಿಯ ಎಂಟು ಸ್ವರಗಳಿಂದ ಹನ್ನೆರಡು ಸ್ವರದುದ್ದದ ಎಷ್ಟು ಸಾಲು ಸಾಧ್ಯವೋ ಅಷ್ಟನ್ನೂ ಕಂಪ್ಯೂಟರಿನಿಂದ ಬರೆಸಿದರು. ಎಂಟನ್ನು ಹನ್ನೆರಡು ಸಲ ಗುಣಿಸಿ: 6,871 ಕೋಟಿ 94 ಲಕ್ಷ 76 ಸಾವಿರದ 736. ಯಂತ್ರ ಸೆಕೆಂಡಿಗೆ 3 ಲಕ್ಷ ಧಾಟಿ ಉಗುಳಿತು. ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ತುಂಬಿ, 2020ರಲ್ಲಿ, ‘ಇವು ಎಲ್ಲರವು’ ಎಂದು ಹಕ್ಕು ಬಿಟ್ಟುಕೊಟ್ಟರು. ಮನುಷ್ಯನೊಬ್ಬ ಊಟ ನಿದ್ದೆ ಬಿಟ್ಟು ಒಂದಕ್ಕೆ ಐದು ಸೆಕೆಂಡಿನಂತೆ ಅವನ್ನು ಹಾಡುತ್ತ ಕೂತರೆ ಮುಗಿಯಲು 10,800 ವರ್ಷ ದಾಟುತ್ತದೆ. ಈಗ ಜಗತ್ತಿನ ಸ್ಟ್ರೀಮಿಂಗ್ ಸೇವೆಗಳಿಗೆ ದಿನಕ್ಕೆ ಸುಮಾರು 1 ಲಕ್ಷ ಹೊಸ ಹಾಡು ಬಂದು ಬೀಳುತ್ತವೆ. ಒಂದೊಂದೂ ಬೇರೆ ಸಾಲು ಆರಿಸಿಕೊಂಡರೂ ಈ ಕಣಜ ಬರಿದಾಗಲು 1,880 ವರ್ಷ ಬೇಕು.

ಹಾಗಾದರೆ ಹೋಲಿಕೆ ಬಂದರೆ ಕಳವೇ ಇರಬೇಕು, ಅಲ್ಲವೇ? ಅಲ್ಲಿಯೇ ಲೆಕ್ಕ ತಿರುಗುವುದು. ಆ ಕೋಟಿಗಳಲ್ಲಿ ಬಹುಪಾಲು ಯಾರ ಬಾಯಲ್ಲೂ ನಿಲ್ಲದ, ಮೇಲೆ ಕೆಳಗೆ ಎಗರಾಡುವ ಗೊಂದಲ. ಗುನುಗಲು ಬರುವ ಧಾಟಿ ಸಾಮಾನ್ಯವಾಗಿ ಪಕ್ಕದ ಸ್ವರಕ್ಕೇ ಕಾಲಿಡುತ್ತದೆ. ಮೋಹನ ರಾಗ ತೆಗೆದುಕೊಳ್ಳಿ: ಐದು ಸ್ವರ, ಮೇಲಿನ ಷಡ್ಜ ಸೇರಿ ಆರು. ಎಂಟು ಸ್ವರದ ಒಂದು ಸಾಲು ಕಟ್ಟಬೇಕು. ಪ್ರತಿ ಹೆಜ್ಜೆಯಲ್ಲೂ ನಿಂತಲ್ಲೇ ನಿಲ್ಲಬೇಕು, ಇಲ್ಲವೇ ಒಂದು ಮೇಲೆ, ಇಲ್ಲವೇ ಒಂದು ಕೆಳಗೆ. ಎಷ್ಟು ಸಾಲು ಸಾಧ್ಯ? ಹೆಚ್ಚೆಂದರೆ 13,122. ದಿನಕ್ಕೆ 1 ಲಕ್ಷ ಹಾಡು ಬರುವ ಲೋಕದಲ್ಲಿ ಇದು ಮೂರು ಗಂಟೆ ಚಿಲ್ಲರೆಯ ಮಾಲು. ತಾಳ, ಲಯ, ಗಮಕ ಸೇರಿದರೆ ಸಂಖ್ಯೆ ಬೆಳೆಯುತ್ತದೆ ನಿಜ. ಆದರೂ ಸಂಗೀತಗಾರರೆಲ್ಲ ಸಾವಿರಾರು ಎಕರೆಯ ಹೊಲದಲ್ಲಿ ನೀರಿರುವ ಅದೇ ಮೂಲೆಗೆ ಬಾವಿ ತೋಡುತ್ತಿದ್ದಾರೆ. ಗುದ್ದಲಿಗೆ ಗುದ್ದಲಿ ತಾಗದೆ ಇದ್ದರೇ ಅಚ್ಚರಿ.

ತಾಗಿದಾಗ ಬೀಳುವ ಬೆಲೆ ನೋಡಿ. 2008ರಲ್ಲಿ ರಾಮ್ ಸಂಪತ್ ಎಂಬ ಸಂಯೋಜಕರು ಮೊಬೈಲ್ ಜಾಹೀರಾತಿಗೆ ಮಾಡಿದ್ದ ಕೆಲವೇ ಸೆಕೆಂಡಿನ ಧಾಟಿ ‘ಕ್ರೇಜಿ 4’ ಹಿಂದಿ ಚಿತ್ರದ ಹಾಡಿನಲ್ಲಿ ಬಂದಿದೆ ಎಂದು ಬಾಂಬೆ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿಗಳು ಎರಡನ್ನೂ ಕೇಳಿದರು. ಸಾಮಾನ್ಯ ಕೇಳುಗನ ಕಿವಿಗೆ ಒಂದೇ ಎನಿಸಿದರೆ ಅದೇ ಪರೀಕ್ಷೆ. ಬಿಡುಗಡೆ ಕಣ್ಣೆದುರಿಗಿರುವಾಗ ತಡೆ ಬಿತ್ತು. ಒಪ್ಪಂದ 2 ಕೋಟಿ ರೂಪಾಯಿಗೆ ಆಯಿತು. ಅಮೆರಿಕದಲ್ಲಿ ಕೇಟಿ ಪೆರಿಯ ‘ಡಾರ್ಕ್ ಹಾರ್ಸ್’ ಹಾಡಿನ ಎಂಟು ಸ್ವರಕ್ಕೆ 2019ರಲ್ಲಿ ಜ್ಯೂರಿ 27 ಲಕ್ಷ ಡಾಲರಿಗೂ ಮೀರಿ ದಂಡ ಹಾಕಿತು. ಮರುವರ್ಷ ನ್ಯಾಯಾಧೀಶರು, ಇಂಥ ಸಣ್ಣ ಇಟ್ಟಿಗೆಗಳು ಯಾರ ಸ್ವತ್ತೂ ಅಲ್ಲ ಎಂಬ ಅರ್ಥದಲ್ಲಿ ಅದನ್ನು ತಳ್ಳಿಹಾಕಿದರು.

ಕನ್ನಡಕ್ಕೆ ಈ ಬಿಸಿ ಜೋರಾಗಿ ತಟ್ಟಿದ್ದು 2022ರಲ್ಲಿ. ‘ಕಾಂತಾರ’ ಸೆಪ್ಟೆಂಬರ್ 30ಕ್ಕೆ ತೆರೆಕಂಡಿತು. ‘ವರಾಹ ರೂಪಂ’ ಹಾಡು ತಮ್ಮ 2017ರ ‘ನವರಸಂ’ ಹಾಡಿನದೇ ನೆರಳು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ದೂರಿತು. ರಾಗ ಒಂದೇ ಆದದ್ದರಿಂದ ಹಾಗೆ ಕೇಳಿಸುತ್ತದೆ ಎಂಬುದು ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಅವರ ವಾದ. ಇಪ್ಪತ್ತೆಂಟೇ ದಿನಕ್ಕೆ ಕೋಳಿಕ್ಕೋಡ್ ಕೋರ್ಟಿನ ತಡೆ ಬಂತು. ನವೆಂಬರ್ 24ಕ್ಕೆ ಒಟಿಟಿಗೆ ಬಂದಾಗ ನೂರಾರು ಕೋಟಿ ಗಳಿಸಿದ ಚಿತ್ರದ ಕೊನೆಯ ದೃಶ್ಯದಲ್ಲಿ ಬೇರೆ ಧಾಟಿ ಕೇಳಿ ಜನ ಹೌಹಾರಿದರು. ದೈವದ ಕುಣಿತ ಅದೇ, ಕಿವಿಗೆ ಬೀಳುವುದು ಇನ್ನೊಂದು. ಆಮೇಲೆ ಮೂಲ ಹಾಡು ಮರಳಿತು. ನನ್ನನ್ನು ಕೇಳಿದರೆ ಈ ಎರಡು ಹಾಡು ಹತ್ತಿರದವೇ. ಹತ್ತಿರವೆಂದರೆ ಕಳವೇ ಎಂಬುದಕ್ಕೆ ಮಾತ್ರ ನನ್ನ ಕಿವಿ ಸಾಲದು.

ಅದೇ ನವೆಂಬರಿನಲ್ಲಿ ಇನ್ನೊಂದು ತಕರಾರು. ಕಾಂಗ್ರೆಸ್ಸಿನ ಭಾರತ್ ಜೋಡೋ ಯಾತ್ರೆ, ಸುಮಾರು 4,000 ಕಿಲೋಮೀಟರಿನದು, ಅಕ್ಟೋಬರ್ 14ರಂದು ಚಿತ್ರದುರ್ಗದ ಕಡೆಯಿಂದ ರಾಯದುರ್ಗ ಕ್ಷೇತ್ರದ ಡಿ. ಹಿರೇಹಾಳ್ ಮಂಡಲಕ್ಕೆ ಕಾಲಿಟ್ಟು, ಓಬಳಾಪುರದ ಮೇಲೆ ಬಳ್ಳಾರಿಗೆ ಹೋಯಿತು. ಯಾತ್ರೆಯ ವಿಡಿಯೊಗೆ ‘ಕೆಜಿಎಫ್ 2’ರ ಹಿಂದಿ ಹಾಡು ಅಂಟಿಸಲಾಗಿದೆ ಎಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಯಶವಂತಪುರ ಠಾಣೆಗೂ ಕೋರ್ಟಿಗೂ ಹೋಯಿತು. ತುಣುಕು 45 ಸೆಕೆಂಡಿನದು ಎಂದು ಪಕ್ಷ ಹೇಳಿತು. ನವೆಂಬರ್ 7ರಂದು ವಾಣಿಜ್ಯ ನ್ಯಾಯಾಲಯ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶಿಸಿತು. ಮರುದಿನ ಹೈಕೋರ್ಟ್, ಆ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ, ಅದನ್ನು ರದ್ದು ಮಾಡಿತು. ನೂರು ದಾಟಿದ ವಯಸ್ಸಿನ ಪಕ್ಷದ ಬಾಯಿಗೆ ಮುಕ್ಕಾಲು ನಿಮಿಷದ ಹಾಡು ಒಂದು ದಿನದ ಮಟ್ಟಿಗಾದರೂ ಬೀಗ ತೋರಿಸಿತು. ಅದೇ ಕಂಪನಿ 2024ರಲ್ಲಿ ‘ಬ್ಯಾಚುಲರ್ ಪಾರ್ಟಿ’ ಚಿತ್ರದವರ ಮೇಲೂ ಹೋಯಿತು. ‘ಗಾಳಿಮಾತು’, ‘ನ್ಯಾಯ ಎಲ್ಲಿದೆ’ ಚಿತ್ರಗಳ ಹಳೆಯ ಹಾಡುಗಳ ತಕರಾರು. ದೆಹಲಿ ಹೈಕೋರ್ಟ್ 20 ಲಕ್ಷ ರೂಪಾಯಿ ಠೇವಣಿ ಇಡಿಸಿತು. ‘ಗಾಳಿಮಾತು’ ಕೂಡ ರಾಜನ್–ನಾಗೇಂದ್ರರದೇ.

ಸೋಜಿಗವೆಂದರೆ ಇದೆಲ್ಲ ನಮ್ಮಲ್ಲಿ ಒಂದು ಕಾಲಕ್ಕೆ ಬಚ್ಚಿಡುವ ಕೆಲಸವೇ ಆಗಿರಲಿಲ್ಲ. ಕಂಪನಿ ನಾಟಕದ ಪುಸ್ತಕದಲ್ಲಿ ಹಾಡಿನ ತಲೆಯ ಮೇಲೇ ಯಾವ ಹಾಡಿನ ಮಟ್ಟು ಎಂದು ಅಚ್ಚಾಗಿರುತ್ತಿತ್ತು. ಭಜನೆ ಪುಸ್ತಕಗಳು ಇವತ್ತಿಗೂ ಧಾಟಿ ಎಂದು ಬರೆದು ಸಿನಿಮಾ ಹಾಡಿನ ಹೆಸರು ಹಾಕುತ್ತವೆ. ಊರ ಜಾತ್ರೆಯ ಮೈಕು, ಚುನಾವಣೆಯ ಆಟೊ, ಅಯ್ಯಪ್ಪನ ಪಡಿಪೂಜೆ, ಎಲ್ಲಕ್ಕೂ ಅದೇ ಸರಕು. ಕಾನೂನಿನಲ್ಲೂ ಒಂದು ಕಿಂಡಿ ಇದೆ: ಹಾಡು ಬಂದು ಐದು ವರ್ಷ ಕಳೆದ ಮೇಲೆ ಮೊದಲೇ ತಿಳಿಸಿ, ರಾಯಧನ ಕಟ್ಟಿ ಅದನ್ನೇ ಬೇರೆ ದನಿಯಲ್ಲಿ ಮುದ್ರಿಸಬಹುದು. ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಕಟ್ಟಬೇಕು, ಮೂಲ ಹಾಡನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಭಜನಾ ಮಂಡಳಿಯವರ ಲೆಕ್ಕಕ್ಕೆ ಇದು ಎಲ್ಲಿಂದ ಒಗ್ಗಬೇಕು!

ಇದೇ ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಲ್ಕು ದಶಕದ ಹತ್ತಿರ ತೆಲುಗು ಕಲಿಸಿ, ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತ ಅನಂತಕೃಷ್ಣ ಶರ್ಮರನ್ನು ಇಲ್ಲಿ ನೆನೆಯಲೇಬೇಕು. ತಿರುಪತಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ತಾಮ್ರದ ತಗಡುಗಳ ಮೇಲೆ ಅನ್ನಮಾಚಾರ್ಯರ ಸುಮಾರು 12 ಸಾವಿರ ಪದಗಳು ಉಳಿದಿವೆ. ಪರಂಪರೆ ಹೇಳುವ ಸಂಖ್ಯೆ 32 ಸಾವಿರ. ತಗಡಿನಲ್ಲಿ ರಾಗದ ಹೆಸರಿದೆ, ಹಾಡುವ ಧಾಟಿ ಕಳೆದುಹೋಗಿತ್ತು. ಶರ್ಮರು ನೂರಕ್ಕೂ ಹೆಚ್ಚು ಪದಗಳಿಗೆ ಸ್ವರ ಹಾಕಿದರು. ಅವರು ತೀರಿಕೊಂಡದ್ದು 1979ರ ಮಾರ್ಚಿನಲ್ಲಿ. ಹಾಗಾಗಿ 1503ರಲ್ಲಿ ಕಣ್ಮುಚ್ಚಿದವರ ಮಾತು ಎಲ್ಲರದು, ಅದಕ್ಕೆ ಹೊಂದಿಸಿದ ಧಾಟಿಗೆ 2039ರ ಕೊನೆಯವರೆಗೆ ಒಡೆತನ. ನಡುವೆ 536 ವರ್ಷ.

ಧಾಟಿಯ ಕರ್ತೃ ಯಾರೆಂದು ತೋರಿಸಬಲ್ಲ ಕಡೆ ಈ ಲೆಕ್ಕ ನಡೆಯುತ್ತದೆ. ತೋರಿಸಲಾಗದ ಕಡೆ? ಎ.ಆರ್. ರೆಹಮಾನ್ ಅವರ ‘ಪೊನ್ನಿಯಿನ್ ಸೆಲ್ವನ್ 2’ರ ಒಂದು ಹಾಡು ಡಾಗರ್ ಮನೆತನದ ಶಿವಸ್ತುತಿಯದು ಎಂದು 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2 ಕೋಟಿ ಠೇವಣಿ ಇಡಿಸಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ತೆಗೆದುಹಾಕಿತು: ಹಾಡುತ್ತ ಬಂದದ್ದಷ್ಟೇ ಕಟ್ಟಿದ್ದಕ್ಕೆ ಸಾಕ್ಷಿಯಾಗದು ಎಂಬುದು ಅದರ ತರ್ಕ. ಅಗಳಿ, ರೊಳ್ಳದ ಹೆಂಗಸರು ಮದುವೆಯಲ್ಲಿ ಹಾಡುವ ಸೋಬಾನೆಗೆ ಈ ಅಳತೆಗೋಲು ಹಿಡಿದರೆ, ಕಟ್ಟಿದವಳ ಹೆಸರಿಲ್ಲ, ಸತ್ತ ವರ್ಷವಿಲ್ಲ, ಸಾವಿನಿಂದ ಎಣಿಸುವ ಅರವತ್ತು ಶುರುವಾಗುವುದೇ ಇಲ್ಲ. ನಾಳೆ ಯಾವನೋ ಹುಡುಗ ಚಪ್ಪರದಡಿ ಮೊಬೈಲ್ ಹಿಡಿದು ಅದನ್ನು ಮುದ್ರಿಸಿಕೊಂಡು ಹಾಕಿದನೆನ್ನಿ. ಧಾಟಿ ಅವನದಾಗುವುದಿಲ್ಲ, ಮಾತೂ ಆಗುವುದಿಲ್ಲ. ಆ ಮುದ್ರಣಕ್ಕೆ ಮಾತ್ರ ಅವನ ಹೆಸರಿನಲ್ಲಿ 60 ವರ್ಷ, ಹಾಡಿದ ಹೆಂಗಸರಿಗೆ ಕಲಾವಿದರ ಹಕ್ಕೆಂದು 50.