ಒಂದೇ ಬರಹ, ಎರಡು ಗಣಕಯಂತ್ರ

ಗದಗ-ಬೆಟಗೇರಿ ನೇಕಾರಿಕೆಗೆ ಹೆಸರಾದಂತೆಯೇ ಮುದ್ರಣಕ್ಕೂ ಹೆಸರಾದ ಅವಳಿ ನಗರ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮದುವೆಯ ಕರೆಯೋಲೆಗಳು ಇಲ್ಲಿ ಅಚ್ಚಾಗುವುದುಂಟು. ಮೊಳೆ ಜೋಡಿಸುವ ಕಾಲದಲ್ಲಿ ಅಕ್ಷರ ಕೆಟ್ಟರೆ ಕಾರಣ ಕಣ್ಣೆದುರೇ ಇರುತ್ತಿತ್ತು. ಮೊಳೆ ಸವೆದಿರುತ್ತಿತ್ತು, ಇಲ್ಲವೇ ತಲೆಕೆಳಗಾಗಿರುತ್ತಿತ್ತು. ಗಣಕಯಂತ್ರದಲ್ಲಿ ಹಾಗಲ್ಲ. ಲಕ್ಷ್ಮೇಶ್ವರದಲ್ಲಿ ಸೊಗಸಾಗಿ ಕಂಡ ‘ಲಕ್ಷ್ಮೀ’ ಎಂಬ ವಧುವಿನ ಹೆಸರು ಗದುಗಿನ ಯಂತ್ರದಲ್ಲಿ ‘ಲಕ್‌ಷ್‌ಮೀ’ ಎಂದು ಒಡೆದು ಕಾಣಬಹುದು; ಕೆಲವೊಮ್ಮೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೇ ಆಗಬಹುದು. ಬರಹ ಒಂದೇ, ಫಲ ಎರಡು.

ಇದಕ್ಕೆ ಕಾರಣ, ತಂತ್ರಾಂಶವು ಒಂದೇ ವಸ್ತುವಲ್ಲ, ಒಂದನ್ನೊಂದು ನೆಚ್ಚಿಕೊಂಡ ಭಾಗಗಳ ಕೂಟ ಎಂಬುದು. ಹಳೆಯ ‘ನುಡಿ’ ಬರಹದಲ್ಲಿ ಕನ್ನಡದ ಅಕ್ಷರಖಂಡಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಆ ಅಕ್ಷರವಿನ್ಯಾಸ ಅಥವಾ ಫಾಂಟ್ ಇಲ್ಲದ ಯಂತ್ರವು ಪಾಪ, ರೋಮನ್ನನ್ನೇ ತೋರಿಸುತ್ತದೆ. ಶ್ರೀಲಿಪಿಯ ಹಂಚಿಕೆ ಮತ್ತೊಂದು ಬಗೆಯದು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆಯನ್ನು ಕೊಟ್ಟಿತು. ಆದರೆ ಒತ್ತಕ್ಷರವನ್ನು ಕೆಳಗೆ ಕೂರಿಸುವ ಹೊಣೆಯನ್ನು ಫಾಂಟೂ ಕನ್ನಡವನ್ನು ಬಲ್ಲ ಜೋಡಣೆಯ ತಂತ್ರಾಂಶವೂ ಹೊರಬೇಕು. ಪೇಜ್‌ಮೇಕರ್ ಯೂನಿಕೋಡನ್ನು ಅರಿಯದು. ಹೀಗಾಗಿ ಹಳೆಯ ಪುಟವಿನ್ಯಾಸಕ್ಕೆ ಒಂದು ಬಗೆಯ ಫಾಂಟ್, ಮೊಬೈಲಿನಿಂದ ಬಂದ ಬರಹಕ್ಕೆ ಇನ್ನೊಂದು ಬಗೆಯದು ಬೇಕಾಗಿ, ಒಂದೇ ಪುಟದಲ್ಲಿ ಎರಡೂ ಕೂಡಿಬಾರದೆ ಹೋಗುತ್ತವೆ.

ಅನುಭವಿ ಜೋಡಣೆಗಾರನು ಇಂಥಲ್ಲಿ ಎಲ್ಲವನ್ನೂ ಅಳಿಸಿ ಮತ್ತೆ ಅಳವಡಿಸಲು ಹೋಗುವುದಿಲ್ಲ. ಹಾಗೆ ಮಾಡಿದರೆ ದೋಷ ಮಾಯವಾದರೂ ಅದರ ಕಾರಣ ತಿಳಿಯದು. ಆತ ಮೊದಲು ಬರಹವನ್ನು ಸರಳ ಸಂಪಾದಕದಲ್ಲಿ ತೆರೆಯುತ್ತಾನೆ. ಅಲ್ಲಿ ಅದು ಸರಿಯಾಗಿದ್ದರೆ ಬರಹ ನಿರ್ದೋಷಿ. ಅನಂತರ ಎರಡೂ ಯಂತ್ರಗಳ ಫಾಂಟಿನ ಹೆಸರನ್ನಷ್ಟೇ ಅಲ್ಲದೆ ಆವೃತ್ತಿಯನ್ನೂ ಹೋಲಿಸುತ್ತಾನೆ, ಏಕೆಂದರೆ ಹೆಸರು ಒಂದೇ ಇದ್ದು ಆವೃತ್ತಿ ಬೇರೆಯಾದಾಗಲೇ ಮೋಸ ಹೆಚ್ಚು. ಬಳಿಕ ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ ನೋಡುತ್ತಾನೆ.

ದೊಡ್ಡ ತಂತ್ರಾಂಶಗಳಲ್ಲಿಯೂ ಇದೇ ಕಥೆ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ ಹನ್ನೊಂದು ಸಾಲಿನ ಪುಟ್ಟ ಭಾಗವನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಅಸಂಖ್ಯ ತಂತ್ರಾಂಶಗಳ ಅಳವಡಿಕೆ ನಿಂತುಹೋಯಿತು. ಆದುದರಿಂದಲೇ ನಿಪುಣರು ಪ್ರತಿಯೊಂದು ಭಾಗದ ನಿಖರ ಆವೃತ್ತಿಯನ್ನು ಪಟ್ಟಿಮಾಡಿ ಕಡತದೊಡನೆಯೇ ಇಡುತ್ತಾರೆ.

ಮುದ್ರಣಾಲಯಕ್ಕೆ ಇನ್ನೊಂದು ದಾರಿಯೂ ಉಂಟು: ಫಾಂಟನ್ನು ಒಳಗೇ ಅಡಕಮಾಡಿದ ಪಿಡಿಎಫ್ ಕಡತವನ್ನು ತರಿಸಿಕೊಳ್ಳುವುದು. ಅದು ಎಲ್ಲೆಡೆ ಒಂದೇ ತೆರನಾಗಿ ಕಾಣುತ್ತದೆ. ಆದರೆ ಅದನ್ನು ತಿದ್ದುವುದು ಸುಲಭವಲ್ಲ. ವರನ ಕಡೆಯವರು ಮುಹೂರ್ತ ಬದಲಾಯಿತೆಂದು ಸಂಜೆ ಫೋನು ಮಾಡಿದರೆ ಜೋಡಣೆಗಾರನು ಮತ್ತೆ ಮೂಲ ಬರಹವನ್ನೇ ತೆರೆಯಬೇಕು.