ಮೀನುಕೊಳಕ್ಕೆ ಸುಣ್ಣ

ಮಲೆನಾಡಿನ ಕೆಮ್ಮಣ್ಣು ಬಹುಮಟ್ಟಿಗೆ ಹುಳಿಗುಣವುಳ್ಳದ್ದೆಂಬುದನ್ನು ಭೂಮಾಲಿಕರು ಬಲ್ಲರು. ಅಂತಹ ನೆಲದಲ್ಲಿ ತೋಡಿದ ಕೊಳದ ನೀರಿಗೂ ಆ ಗುಣವೇ ಬರುವುದು. ಇದನ್ನಳೆಯುವ ಅಂಕಕ್ಕೆ ರಸಸಾರವೆಂದು ಹೆಸರು. ಅದು ೭ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಕಾಟ್ಲಾ, ರೋಹು, ಮೃಗಾಲ ಮೀನುಗಳಿಗೆ ೬.೫ರಿಂದ ೮.೫ರವರೆಗೆ ಹಿತಕರವು.

ಆದರೆ ರಸಸಾರವು ದಿನವಿಡೀ ಒಂದೇ ಸಮನಾಗಿರುವುದಿಲ್ಲ. ರಾತ್ರಿಯಲ್ಲಿ ಮೀನುಗಳೂ ಪಾಚಿಯೂ ಉಸಿರಾಡಿ ಬಿಟ್ಟ ಇಂಗಾಲಾಮ್ಲ ವಾಯುವು ನೀರಿನಲ್ಲಿ ಕೂಡಿ, ಬೆಳಗಿನ ಜಾವಕ್ಕೆ ಅಂಕವು ಇಳಿಯುವುದು. ಬಿಸಿಲಿನಲ್ಲಿ ಪಾಚಿಯು ಆ ವಾಯುವನ್ನು ಹೀರಲು, ಮಧ್ಯಾಹ್ನದ ಮೇಲೆ ಏರುವುದು. ನೀರಿನಲ್ಲಿ ಕರಗಿದ ಸುಣ್ಣದ ಅಂಶವು ಸಾಕಷ್ಟಿದ್ದಲ್ಲಿ ಈ ಏರಿಳಿತವು ಮಿತವಾಗಿರುವುದು.

ಗೃಹಸ್ಥರೊಬ್ಬರು ಮೀನಿದ್ದ ಕೊಳಕ್ಕೆ ಅರಳಿದ ಸುಣ್ಣವನ್ನು ಒಮ್ಮೆಗೇ ಸುರಿಸಿ, ಮರುದಿನ ಸತ್ತ ಮೀನುಗಳನ್ನು ಬುಟ್ಟಿಗಳಲ್ಲಿ ಹೊರಿಸಿದುದನ್ನು ನಾನು ಕಂಡಿರುವೆನು. ಆ ಸುಣ್ಣವು ಬಲು ತೀಕ್ಷ್ಣವು. ಸುಡದ ಸುಣ್ಣದಕಲ್ಲಿನ ಹಿಟ್ಟೇ ಕ್ಷೇಮವು. ಕೊಳವು ಬರಿದಾಗಿರುವಾಗ ಮಣ್ಣನ್ನು ಪರೀಕ್ಷೆ ಮಾಡಿಸಿ, ಹೇಳಿದ ಪ್ರಮಾಣದಲ್ಲಿ ಅದನ್ನು ತಳದ ಮೇಲೆಲ್ಲಾ ಸಮನಾಗಿ ಹರಡತಕ್ಕದ್ದು. ನೀರು ತುಂಬಿದ ಮೇಲೆ ರಸಸಾರವನ್ನು ಬೆಳಗಿನ ಜಾವವೊಮ್ಮೆ, ಮಧ್ಯಾಹ್ನದ ಮೇಲೊಮ್ಮೆ ನೋಡಿ ಬರೆದಿಡತಕ್ಕದ್ದು. ಒಂದೇ ಹೊತ್ತಿನ ಪರೀಕ್ಷೆಯನ್ನು ನಂಬಿ ಸುಣ್ಣ ಹಾಕಬಾರದು.

ಗ್ರಾಮದ ಮುಖಂಡರು ಈ ವಿಷಯವನ್ನು ನೆರೆಹೊರೆಯವರಿಗೂ ತಿಳಿಯಪಡಿಸಬೇಕಾಗಿ ಪ್ರಾರ್ಥನೆ.